ದೊರೆ ಇಳಿಸಿದ ಶ್ರುತಿ

ದೊರೆ ಹೊಸ ಆಲ್ಬಮ್ ತಂದಿದ್ದಾರೆ ಎನ್ನುವ ಸುದ್ದಿ ಆ ಮನೆಗೆ ಬಂದದ್ದು ಬೆಳಿಗ್ಗೆ ಏಳೂವರೆಗೆ, ಬ್ರೆಡ್ಡು ಇನ್ನೂ ಕಾವಲಿಯ ಮೇಲಿದ್ದಾಗ. ತಂದವಳು ಹನ್ನೊಂದು ವರ್ಷದ ಮೊಮ್ಮಗಳು. ಅಜ್ಜಿಯ ಫೋನು ಹಿಡಿದುಕೊಂಡು ಓಡಿಬಂದು, "ತಾತಾ, ನಿನ್ನ ದೊರೆ ಮತ್ತೆ ಹಾಡಿದಾರಂತೆ! ಎಂಟು ಹಾಡು!" ಅಂದಳು. ತಾತ ಕೈಯಲ್ಲಿದ್ದ ಚಹಾದ ಲೋಟವನ್ನು ಮೇಜಿನ ಮೇಲೆ ಇಡುವ ಬದಲು ಮೇಜಿನ ಪಕ್ಕದ ಗಾಳಿಯಲ್ಲಿ ಇಟ್ಟ. ಲೋಟ ಚೂರಾಯಿತು. ಅವನಿಗೆ ಅದು ಗೊತ್ತೇ ಆಗಲಿಲ್ಲ.

"ಕಾಲು ಹಾಕಬೇಡ್ರೀ!" ಎಂದು ಹೆಂಡತಿ ಕೂಗಿದಳು. ಅಷ್ಟರಲ್ಲಿ ಹಾಕಿಯಾಗಿತ್ತು.

ದೊರೆ ಎಂದರೆ ಎಪ್ಪತ್ನಾಲ್ಕು ವರ್ಷದ ಒಬ್ಬ ಹಾಡುಗಾರ. ಆತನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಆದರೆ ಆ ಮನೆಯಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. ಹದಿನಾಲ್ಕು ವರ್ಷದಿಂದ ಆತ ಹೊಸದೇನನ್ನೂ ಹಾಡಿರಲಿಲ್ಲ. ಇನ್ನು ತಾತ, ಅವನನ್ನು ಬೀದಿಯೆಲ್ಲ ಸೂಜಿಯಣ್ಣ ಅನ್ನುತ್ತಿತ್ತು. ಹೊಲಿಗೆ ಮಿಷನ್ ರಿಪೇರಿ ಅವನ ಕಸುಬು. ಬಟ್ಟೆ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬೀರುವಿನಷ್ಟಗಲದ ಅಂಗಡಿ, ಶರ್ಟಿನ ಕಾಲರಿಗೆ ಸದಾ ಚುಚ್ಚಿಕೊಂಡಿರುವ ನಾಲ್ಕಾರು ಸೂಜಿ, ವಯಸ್ಸು ಅರವತ್ತಾರು. ಮಿಷನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತೇನೆ ಎಂಬುದು ಅವನ ಹೆಮ್ಮೆ. ಈ ಹೆಮ್ಮೆಯನ್ನು ಅವನು ದಿನಕ್ಕೆ ಎರಡು ಸಲವಾದರೂ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದ.

ದೊರೆಯ ಹೊಸ ಹಾಡು ಬಂದರೆ ಆ ಮನೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮೊದಲ ಸಲ ಕೇಳುವಾಗ ಎಲ್ಲರೂ ಕೂತು ಕೇಳಬೇಕು. ಮೊದಲ ಹಾಡಿನಿಂದ ಕೊನೆಯದರ ತನಕ ಯಾರೂ ಏಳಬಾರದು, ಮಾತಾಡಬಾರದು, ಕುಕ್ಕರ್ ಇಡಬಾರದು. "ನಿಮ್ಮಮ್ಮ ಹುಟ್ಟೋ ದಿನ ನನಗೆ ನೋವು ಬರ್ತಿದ್ರೆ, ಈ ಮನುಷ್ಯ ಕ್ಯಾಸೆಟ್ಟಿನ ಎರಡನೇ ಸೈಡು ಮುಗಿಸಿ ಆಮೇಲೆ ಗಾಡಿ ತರೋಕೆ ಹೋದರು" ಎಂದು ಹೆಂಡತಿ ಮೊಮ್ಮಗಳಿಗೆ ಹೇಳಿದಳು. ಸೂಜಿಯಣ್ಣ, "ಬರೀ ಒಂದೂವರೆ ಹಾಡು ಬಾಕಿ ಇತ್ತು" ಎಂದು ತಿದ್ದಿದ.

ಸಂಜೆ ಆರಕ್ಕೆ ಮುಹೂರ್ತ ಗೊತ್ತಾಯಿತು. ದಿನವಿಡೀ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಂಗಡಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಒಬ್ಬ ದರ್ಜಿಯ ಮಿಷನ್ನಿಗೆ ಬೇರೊಬ್ಬ ದರ್ಜಿಯ ಬೆಲ್ಟು ಹಾಕಿ ಕಳಿಸಿದ. ಐದು ಗಂಟೆಗೇ ಮನೆಗೆ ಬಂದು ಮುಖ ತೊಳೆದು, ಒಗೆದ ಶರ್ಟು ಹಾಕಿಕೊಂಡು ಕುರ್ಚಿಯಲ್ಲಿ ಕೂತ. ಸದ್ದು ದೊಡ್ಡದಾಗಲಿ ಎಂದು ಮೊಮ್ಮಗಳು ಫೋನನ್ನು ಒಂದು ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸಿದಳು. ಈ ಹುಡುಗಿ ಹುಟ್ಟಿದ ಮೊದಲ ಆರು ತಿಂಗಳು ಒಂದೇ ಸಮ ಅತ್ತು ಮನೆಯವರ ತಲೆ ತಿಂದದ್ದಕ್ಕೆ ತಾತ ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದ, ಅದೇ ಉಳಿದುಕೊಂಡಿತ್ತು.

"ಅಮ್ಮಾ, ಬಾ, ಶುರುವಾಗುತ್ತೆ" ಎಂದು ಪಿಟೀಲು ಕರೆದಳು.

"ಹುರುಳಿಕಾಯಿ ಬಿಡಿಸ್ಬೇಕು" ಎಂದಳು ಸೂಜಿಯಣ್ಣನ ಮಗಳು ಅಡುಗೆಮನೆಯಿಂದ. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮೂವತ್ತಾರು ವಯಸ್ಸು. ಗಂಡ ಸೇತುವೆ ಕಟ್ಟುವ ಕಂಪನಿಯವನು, ತಿಂಗಳಿಗೊಮ್ಮೆ ಬರುತ್ತಿದ್ದ. ಹಾಗಾಗಿ ತಾಯಿ ಮಗಳು ಇಬ್ಬರೂ ಇಲ್ಲೇ ಇದ್ದರು. ಮನೆಯಲ್ಲಿ ಹಾಡು ಹಚ್ಚಿದಾಗಲೆಲ್ಲ ಅವಳಿಗೆ ಏನಾದರೊಂದು ಕೆಲಸ ಬಂದುಬಿಡುತ್ತಿತ್ತು. ಅದು ಇಪ್ಪತ್ತೊಂದು ವರ್ಷದ ಅಭ್ಯಾಸ, ಯಾರೂ ಒತ್ತಾಯ ಮಾಡುತ್ತಿರಲಿಲ್ಲ.

ಹಾಡು ಶುರುವಾಯಿತು. ಎರಡನೆಯ ಸಾಲಿಗೆ ಸೂಜಿಯಣ್ಣ ಕಣ್ಣು ಮುಚ್ಚಿದ, ನಾಲ್ಕನೆಯದಕ್ಕೆ ತೆರೆದ. ಆರನೆಯ ಹಾಡು ಬಂದಾಗ ಕುರ್ಚಿಯ ಕೈ ಹಿಡಿದುಕೊಂಡ. ಅದು ದೊರೆ ಮೂವತ್ತೆಂಟು ವರ್ಷದ ಹಿಂದೆ ಹಾಡಿದ್ದ ಹಾಡು, ಈಗ ಹೊಸದಾಗಿ ಮತ್ತೆ ಹಾಡಿದ್ದರು. ಏಣಿ ಹತ್ತಿ ಒಬ್ಬಳು ದೂರದ ತನ್ನ ಮನೆಯನ್ನು ನೋಡುವ ಹಾಡು. ಇವರ ಮನೆಯಲ್ಲಿ ಅದಕ್ಕೆ ಏಣಿ ಹಾಡು ಎಂದೇ ಹೆಸರು. ಮೂವತ್ತು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ತನ್ನ ಟೇಪ್ ರೆಕಾರ್ಡರಿನಲ್ಲಿ ಕೇಳಿದ ಹಾಡು. ಈಗ ಅದೇ ಹಾಡು ಕೆಳಗಿನ ಸ್ವರದಲ್ಲಿ, ನಿಧಾನವಾಗಿ, ಭಾರವಾಗಿ ಬರುತ್ತಿತ್ತು.

ಎಂಟನೆಯದು ಮುಗಿಯುವ ತನಕ ಹೇಗೋ ತಡೆದುಕೊಂಡ. ಮುಗಿದದ್ದೇ ಎದ್ದು ನಿಂತ.

"ಇಳಿಸಿದಾರೆ! ಶ್ರುತಿ ಇಳಿಸಿದಾರೆ ಕಣೇ! ಕೇಳಿದೆಯಾ? ಅರ್ಧ ಮೆಟ್ಟಿಲು ಕೆಳಗೆ! ಬೇರೆಯವರಾಗಿದ್ರೆ ವಯಸ್ಸಾದ ಮೇಲೂ ಮೇಲೆ ಹೋಗ್ತೀನಿ ಅಂತ ಒದ್ದಾಡಿ ಗಂಟಲು ಹರ್ಕೊಳ್ತಿದ್ರು. ಇವರು ನೋಡು, ತಾವಾಗೇ ಇಳಿದು ಬಂದಿದಾರೆ. ಆ ಏಣಿ ಮೇಲೆ ಹತ್ತಿದವಳು ಈಗ ಇಳೀತಿದಾಳೆ. ಅದು! ಅದು ಕಣೇ ದೊಡ್ಡತನ ಅಂದ್ರೆ!"

"ಚೆನ್ನಾಗಿತ್ತು" ಎಂದಳು ಹೆಂಡತಿ. "ಕುಕ್ಕರ್ ಇಡ್ಲಾ ಈಗ?"

"ಬರೀ ಚೆನ್ನಾಗಿತ್ತಾ? ಅಷ್ಟೇನಾ?"

"ಬಹಳ ಚೆನ್ನಾಗಿತ್ತು. ಕುಕ್ಕರ್ ಇಡ್ತೀನಿ."

ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುವ ಸದ್ದು ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಮತ್ತೆ ಶುರುವಾಯಿತು.

ಅಲ್ಲಿಂದ ಹತ್ತು ದಿನ ಸೂಜಿಯಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಇಳಿದ ಶ್ರುತಿಯ ಪಾಠ. ಬಾಬಿನ್ ಸಿಕ್ಕಿಹಾಕಿಕೊಂಡಿದೆ ಎಂದು ಬಂದ ಹೆಂಗಸು ಅರ್ಧ ಗಂಟೆ ಕೇಳಿಸಿಕೊಂಡು, "ಅಣ್ಣಾ, ಬಾಬಿನ್?" ಅಂದಳು. ಮನೆಯಲ್ಲಿ ನಾಲ್ಕು ಹಾಳೆ ಬರೆದು, ಹೊಡೆದುಹಾಕಿ, ಮತ್ತೆ ಬರೆದ. ದೊರೆಯ ಅಭಿಮಾನಿಗಳ ಒಂದು ಕೂಟವಿತ್ತು, ಮೊದಲು ನಲವತ್ತು ಜನರಿದ್ದದ್ದು ಈಗ ಐವರಿಗೆ ಬಂದಿತ್ತು. ತಿಂಗಳ ಕೊನೆಯ ಭಾನುವಾರ ಫೋಟೋ ಸ್ಟುಡಿಯೋದ ಮಹಡಿಯ ಮೇಲೆ ಸೇರುತ್ತಿದ್ದರು. ಅಲ್ಲಿ ಹೊಸ ಆಲ್ಬಮ್ಮಿನ ಮೇಲೆ ಮಾತಾಡುವವನು ತಾನೇ ಎಂದು ಅವನು ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದ.

ಇದೇ ಗದ್ದಲದ ನಡುವೆ ಪಿಟೀಲು ಶಾಲೆಯಿಂದ ಒಂದು ಕಾಗದ ತಂದಳು. ಶಾಲೆಯ ಹಾಡಿನ ತಂಡಕ್ಕೆ ಮಕ್ಕಳನ್ನು ಆರಿಸುತ್ತಾರೆ, ಮನೆಯವರ ಸಹಿ ಬೇಕು. ಊಟದ ಹೊತ್ತಿಗೆ ಅದನ್ನು ತಟ್ಟೆಯ ಪಕ್ಕ ಇಟ್ಟಳು.

"ಬೇಡ" ಎಂದಳು ಮಗಳು, ಓದದೆ.

"ಯಾಕಮ್ಮಾ? ಮ್ಯೂಸಿಕ್ ಟೀಚರೇ ಹೇಳಿದಾರೆ ನಂಗೆ."

"ಡ್ರಾಯಿಂಗ್‌ಗೆ ಸೇರ್ಕೋ. ಓಟಕ್ಕೆ ಸೇರ್ಕೋ."

"ನಂಗೆ ಹಾಡಕ್ಕೆ ಬರುತ್ತೆ!"

"ಬರುತ್ತೆ ಅಂತ ನಿನಗನ್ಸುತ್ತೆ. ಅಷ್ಟು ಜನರ ಮುಂದೆ ನಿಂತಾಗ ಗೊತ್ತಾಗೋದು. ನಮ್ಮ ಕಡೆ ಶ್ರುತಿ ಹಿಡಿಯೋ ಕಿವಿ ಇಲ್ಲ ಪುಟ್ಟಾ. ಬೇಕಿದ್ರೆ ತಾತನ್ನ ಕೇಳು, ಅವರೇ ಹೇಳಿದ್ದು."

ಸೂಜಿಯಣ್ಣ ಅನ್ನ ಕಲಸುತ್ತಿದ್ದವನು ಹಾಗೇ ಕಲಸುತ್ತಲೇ ಇದ್ದ. ಹೆಂಡತಿ, "ಅದೆಲ್ಲ ಈಗ್ಯಾಕೆ, ಮಗು ತಿನ್ನಲಿ" ಎಂದಳು. ಪಿಟೀಲು ತನ್ನ ಹೆಸರಿಗೆ ತಕ್ಕಂತೆ ಒಂದು ಗಂಟೆ ಕುಯ್ದಳು. ಕಾಗದ ಉಪ್ಪಿನ ಡಬ್ಬಿಯ ಕೆಳಗೆ ಹೋಯಿತು.

ಅದು ನಡೆದದ್ದು ಹೀಗೆ. ಮಗಳು ಹದಿನೈದು ವರ್ಷದವಳಿದ್ದಾಗ ಊರಿನ ಸಭಾಂಗಣದಲ್ಲಿ ಹಾಡಿನ ಸ್ಪರ್ಧೆ. ಟೇಪಿನ ಜೊತೆ ಹಾಡಿ ಹಾಡಿ ಅವಳಿಗೆ ದೊರೆಯ ಅಷ್ಟೂ ಹಾಡು ಬಾಯಿಗೆ ಬರುತ್ತಿತ್ತು; ಟೇಪು ನಿಲ್ಲಿಸಿದರೂ ಒಂದು ಕೂದಲೆಳೆ ಹೆಚ್ಚು ಕಡಿಮೆಯಾಗದಂತೆ ಅದೇ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಿದ್ದಳು. ಅಪ್ಪನೇ ಕೈಹಿಡಿದು ಕರೆದುಕೊಂಡು ಹೋಗಿದ್ದ. ಏಣಿ ಹಾಡು. ಕೀಬೋರ್ಡ್ ಮಾಸ್ತರು ದೊರೆ ಹಾಡಿದ್ದ ಶ್ರುತಿಯನ್ನೇ ಹಿಡಿದರು. ಇವಳು ಅದಕ್ಕಿಂತ ಮೇಲೆ ಎತ್ತಿದಳು. ಮಾಸ್ತರು ನಿಲ್ಲಿಸಿ ಸ್ವರ ಕೊಟ್ಟರು. ಮತ್ತೆ ಮೇಲೆ. ಮೂರನೆಯ ಸಲ ನಿಲ್ಲಿಸಿದಾಗ ಹುಡುಗಿ ಮೈಕಿನಲ್ಲೇ, "ಸಾರ್, ನಿಮ್ಮ ಕೀಬೋರ್ಡ್ ತಪ್ಪಿದೆ, ಕೆಳಗಿದೆ" ಅಂದುಬಿಟ್ಟಳು. ಸಭಾಂಗಣವೆಲ್ಲ ಹೋ ಎಂದು ನಕ್ಕಿತು. ಎರಡನೆಯ ಸಾಲಿನಲ್ಲಿದ್ದ ಸೂಜಿಯಣ್ಣ ಅವಮಾನದಿಂದ ಎದ್ದು ನಿಂತು ಗಟ್ಟಿಯಾಗಿ, "ಕ್ಷಮಿಸಿ ಮಾಸ್ತರೇ, ನನ್ನ ಮಗಳಿಗೆ ಕಿವಿ ಇಲ್ಲ. ಗೊತ್ತಿಲ್ಲದೆ ಕರ್ಕೊಂಡು ಬಂದೆ" ಅಂದ. ದೊರೆಯ ಹಾಡು ಹಾಳಾಯಿತಲ್ಲ ಎಂಬುದೇ ಆಗ ಅವನ ಸಂಕಟ. ಹುಡುಗಿ ವೇದಿಕೆಯಿಂದ ಇಳಿದು ನೇರ ಹೊರಗೆ ಹೋದಳು. ಅವತ್ತಿನಿಂದ ಅವಳು ಹಾಡಿದ್ದನ್ನು ಯಾರೂ ಕೇಳಿಲ್ಲ.

ತಿಂಗಳ ಕೊನೆಯ ಭಾನುವಾರ ಬಂತು. ಸೂಜಿಯಣ್ಣ ನಾಲ್ಕು ಹಾಳೆ ಜೇಬಿಗಿಟ್ಟು, ಕಾಲರಿನ ಸೂಜಿಗಳನ್ನೂ ಮರೆಯದೆ ತೆಗೆದಿಟ್ಟು ಹೊರಟ. ಮಹಡಿಯ ಮೇಲೆ ಸ್ಟುಡಿಯೋದವನು, ರಿಟೈರಾದ ಪೋಸ್ಟ್‌ಮ್ಯಾನ್, ಬ್ಯಾಂಡಿನಲ್ಲಿ ಮೂವತ್ತು ವರ್ಷ ಕ್ಲಾರಿನೆಟ್ ಊದಿದವನು, ಮತ್ತೆ ಯಾವಾಗಲೂ ನಿದ್ದೆ ಮಾಡುವ ಒಬ್ಬ ಲಾಯರು. ಸೂಜಿಯಣ್ಣ ಮೊದಲ ಹಾಳೆ ಓದಿ ಎರಡನೆಯದಕ್ಕೆ ಬಂದಿದ್ದ. "ಈ ಅರ್ಧ ಮೆಟ್ಟಿಲಿನ ಇಳಿತವೇ ಈ ಆಲ್ಬಮ್ಮಿನ ಜೀವ..."

"ಒಂದ್ನಿಮಿಷ" ಅಂದ ಕ್ಲಾರಿನೆಟ್ಟಿನವನು. "ಏನು ಇಳಿತ?"

"ಶ್ರುತಿ. ಏಣಿ ಹಾಡಲ್ಲಿ."

"ಎಲ್ಲಿ ಇಳಿದಿದೆ? ಅದೇ ಇದೆಯಲ್ಲ. ಹಳೇದ್ರಲ್ಲಿ ಏನಿತ್ತೋ ಅದೇ ಶ್ರುತಿ, ಅದೇ ನಡೆ. ಎಪ್ಪತ್ನಾಲ್ಕು ವರ್ಷಕ್ಕೆ ಒಂದು ಚೂರೂ ಇಳಿಸದೆ ಹಾಡಿದಾನಲ್ಲ ಮಹಾರಾಯ, ಅದೇ ಆಶ್ಚರ್ಯ ಅಂತ ನಾನು ಅನ್ಕೊಂಡು ಬಂದೆ."

"ನಿನಗೆ ವಯಸ್ಸಾಯ್ತು" ಅಂದ ಸೂಜಿಯಣ್ಣ.

"ನನಗಾಗಿರ್ಬಹುದು. ಹಳೇ ಹಾಡು ಹಾಕಿ ನೋಡೋಣ, ಅದಕ್ಕೇನು."

ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಹಳೆಯ ಏಣಿ ಹಾಡು ಹಾಕಿದ. ಆಮೇಲೆ ಹೊಸದು. ಎರಡೂ ಒಂದೇ ಶ್ರುತಿಯಲ್ಲಿ ನಿಂತಿದ್ದವು. ಸೂಜಿಯಣ್ಣನ ಮುಖ ಕೆಂಪಾಯಿತು. "ನಿನ್ನ ಕಂಪ್ಯೂಟರ್ ತಪ್ಪಿದೆ, ಅದು ಕೆಳಗೆ ಹಾಡ್ತಿದೆ" ಅಂದ. ಪೋಸ್ಟ್‌ಮ್ಯಾನ್ ನಕ್ಕುಬಿಟ್ಟ. ಲಾಯರು ಎಚ್ಚರಾಗಿ ಏನೆಂದು ಕೇಳಿ ಅವನೂ ನಕ್ಕ. ಉಳಿದ ಎರಡು ಹಾಳೆ ಓದದೆ, ಚಹಾ ಬರುವ ಮೊದಲೇ ಸೂಜಿಯಣ್ಣ ಮೆಟ್ಟಿಲಿಳಿದ.

ಮನೆಗೆ ಬಂದವನೇ, "ಪಿಟೀಲೂ, ಫೋನ್ ತಗೊಂಡು ಬಾ" ಎಂದ. ಟೇಪಿನಲ್ಲಿ ಹಳೆಯ ಏಣಿ ಹಾಡು ಹಚ್ಚಿದ, ಫೋನಿನಲ್ಲೂ ಅದನ್ನೇ ಹಾಕಿಸಿದ. ಎರಡೂ ಒಟ್ಟಿಗೆ ಹೊರಟು, ನಾಲ್ಕು ಮಾತಿನೊಳಗೆ ಟೇಪು ಮುಂದೆ ಓಡಿತು, ಫೋನು ಹಿಂದೆ ಬಿತ್ತು. ಎರಡೂ ಸೇರಿ ಹಲ್ಲು ಜುಮ್ಮೆನ್ನುವಂಥ ಸದ್ದು.

"ತಾತ, ನಿನ್ನ ಟೇಪ್ ಜೋರಾಗಿ ಓಡ್ತಿದೆ."

"ಫೋನು ಮೆಲ್ಲಗೆ ಓಡ್ತಿದೆ."

"ಫೋನ್ ಹೆಂಗೆ ಮೆಲ್ಲಗೆ ಓಡುತ್ತೆ ತಾತ? ಅದರೊಳಗೆ ಓಡೋದೇ ಏನೂ ಇಲ್ಲ."

"ಜಾಸ್ತಿ ಮಾತಾಡ್ಬೇಡ, ಹೋಗಿ ಓದ್ಕೋ."

ಮೂರು ದಿನ ಅವನು ಆ ಟೇಪ್ ರೆಕಾರ್ಡರಿನ ಹತ್ತಿರ ಹೋಗಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯಲ್ಲೂ ಅಂಗಡಿಯಲ್ಲೂ ತಿರುಗಿದ. ಊಟಕ್ಕೆ ಕೂತು ಎದ್ದ. ರೇಡಿಯೋದಲ್ಲಿ ದೊರೆಯ ಹಾಡು ಕೇಳಿದಾಗಲೆಲ್ಲ ಸಪ್ಪೆ ಅನ್ನಿಸಿ, ಈ ರೇಡಿಯೋದವರು ಹಾಡಿನ ಜೀವ ತೆಗೀತಾರೆ ಎಂದು ತಾನು ಬೈಯುತ್ತಿದ್ದದ್ದು ನೆನಪಿಗೆ ಬಂದು ಬಂದು ಹೋಗುತ್ತಿತ್ತು. ಹೆಂಡತಿ, "ಹೊಟ್ಟೆ ಸರಿಯಿಲ್ವಾ?" ಎಂದು ಕೇಳಿದಳು. ಸರಿಯಿಲ್ಲ ಎಂದ.

ನಾಲ್ಕನೆಯ ದಿನ ಟೇಪನ್ನು ಬಟ್ಟೆಯಲ್ಲಿ ಸುತ್ತಿ ಅಂಗಡಿಗೆ ಒಯ್ದ. ಅರ್ಧ ಬಾಗಿಲು ಹಾಕಿ ಬಿಚ್ಚಿದ. ಒಳಗೆ ಮೋಟಾರಿನ ತುದಿಯಲ್ಲಿ ಒಂದು ಪುಟ್ಟ ಹಿತ್ತಾಳೆ ಪುಲ್ಲಿ ಇತ್ತು, ಬೆಲ್ಟು ಓಡುವ ಗಾಲಿ. ಅದು ಕಂಪನಿಯದ್ದಲ್ಲ, ಅವನದೇ ಕೈಕೆಲಸ. ಮಗಳಿಗೆ ನಾಲ್ಕು ವರ್ಷವಿದ್ದಾಗ ಮೂಲ ಪ್ಲಾಸ್ಟಿಕ್ ಪುಲ್ಲಿ ಸೀಳಿಹೋಗಿತ್ತು. ಲೇತಿನಲ್ಲಿ ತಾನೇ ಹಿತ್ತಾಳೆಯದ್ದನ್ನು ಕಡೆದು ಹಾಕಿ, ಕಂಪನಿಯವರಿಗಿಂತ ಗಟ್ಟಿ ಎಂದು ಬೀದಿಗೆಲ್ಲ ತೋರಿಸಿದ್ದ. ಒಂದು ತಿರುಪನ್ನೂ ಎಸೆಯುವ ಜಾತಿಯವನಲ್ಲ ಅವನು. ಹಳೆಯ ಡಬ್ಬಿಗಳಲ್ಲಿ ಕೈಯಾಡಿಸಿದಾಗ ಆ ಸೀಳಿದ ಪ್ಲಾಸ್ಟಿಕ್ ಪುಲ್ಲಿಯೂ ಸಿಕ್ಕಿತು. ಸೀಳನ್ನು ಒತ್ತಿ ಕೂಡಿಸಿ ಅಳತೆಗೋಲಿಗೆ ಹಿಡಿದ. ಎಂಟು ಮಿಲಿಮೀಟರು. ತನ್ನ ಹಿತ್ತಾಳೆಯದನ್ನು ಹಿಡಿದ. ಎಂಟೂವರೆ. ಮತ್ತೆ ಹಿಡಿದ, ಕನ್ನಡಕ ಒರೆಸಿ ಹಿಡಿದ. ಎಂಟೂವರೆಯೇ.

ಸೀಳು ಅಗಲವಾಗಿ ಬಿಟ್ಟುಕೊಂಡಿದ್ದಾಗಲೇ ಅಳತೆ ತೆಗೆದಿದ್ದ, ಅಷ್ಟೇ ತಪ್ಪು. ಕಸುಬು ಕಲಿಯುವ ಹುಡುಗ ಮಾಡುವ ತಪ್ಪು. ದಪ್ಪ ಪುಲ್ಲಿ, ಜೋರು ಟೇಪು, ಮೇಲಿನ ಶ್ರುತಿ. ಮೂವತ್ತೆರಡು ವರ್ಷ ಅವನು ಕೇಳಿದ್ದು ದೊರೆಯನ್ನಲ್ಲ, ತಾನು ಕಡೆದ ಹಿತ್ತಾಳೆಯನ್ನು. ಅದಕ್ಕೆ ಅಷ್ಟು ಬೇಸರವಾಗಲಿಲ್ಲ. ಆಮೇಲೆ ಅವತ್ತು ವೇದಿಕೆಯ ಮೇಲೆ ಮಗಳು ಅಂದ ಮಾತು ನೆನಪಾಯಿತು: ಸಾರ್, ನಿಮ್ಮ ಕೀಬೋರ್ಡ್ ಕೆಳಗಿದೆ. ಸೂಜಿಯಣ್ಣ ಸ್ಟೂಲಿನ ಮೇಲೆ ಕೂತುಬಿಟ್ಟ. ಅವಳ ಕಿವಿ ಎಷ್ಟು ಸರಿಯಿತ್ತು ಎಂದರೆ, ಅವನು ಕಡೆದ ಅರ್ಧ ಮಿಲಿಮೀಟರನ್ನೂ ಬಿಡದೆ ಹಿಡಿದಿಟ್ಟುಕೊಂಡಿತ್ತು.

ಇಷ್ಟಾದ ಮೇಲೆ ಮನುಷ್ಯ ಏನು ಮಾಡಬೇಕು? ನೇರ ಹೋಗಿ ಹೇಳಬೇಕು. ನಮ್ಮ ಸೂಜಿಯಣ್ಣ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ. ಎಂಟು ಮಿಲಿಮೀಟರಿನ ಹೊಸ ಪುಲ್ಲಿ ಕಡೆದು ಕೂರಿಸಿದ. ಪೇಟೆಯಿಂದ ಮಗಳಿಗೆ ಇಷ್ಟದ ದ್ರಾಕ್ಷಿ ತಂದ. ಅವಳ ಚಪ್ಪಲಿಯ ಕಿತ್ತ ಪಟ್ಟಿಯನ್ನು ಕೇಳದೆಯೇ ಹೊಲಿದಿಟ್ಟ. ಉಪ್ಪಿನ ಡಬ್ಬಿಯ ಕೆಳಗಿನ ಕಾಗದಕ್ಕೆ ತಾನೇ ಸಹಿ ಹಾಕಿ ಪಿಟೀಲಿನ ಚೀಲಕ್ಕೆ ಸೇರಿಸಿದ. ಅದು ಮಾರನೆಯ ದಿನವೇ ಬಯಲಾಯಿತು.

"ಯಾರಪ್ಪ ನಿನಗೆ ಸಹಿ ಹಾಕು ಅಂದಿದ್ದು?" ಮಗಳು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ತಲೆ ಬಾಚುತ್ತಲೇ ಕೇಳಿದಳು.

"ಮಗು ಆಸೆಪಡ್ತಿತ್ತು."

"ನಾನೂ ಪಟ್ಟಿದ್ದೆ. ಅವಳನ್ನ ಮೇಲೆ ನಿಲ್ಲಿಸಿ ನಗ್ತಾರಲ್ಲ, ಆಗ ಎದ್ದು ಏನಂತೀಯ? ಮೊಮ್ಮಗಳಿಗೂ ಕಿವಿ ಇಲ್ಲ ಅಂತೀಯಾ?"

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಅವನ ಬಾಯಿ ತೆರೆಯಿತು ಕೂಡ. "ಬಸ್ಸಿಗೆ ಹೊತ್ತಾಗುತ್ತೆ ನಿನಗೆ" ಅಂದ.

ಮುಂದಿನ ಭಾನುವಾರ ಬೆಳಿಗ್ಗೆ ಎಂದಿನಂತೆ ಟೇಪ್ ಹಚ್ಚಿದ. ಹೊಸ ಪುಲ್ಲಿಯ ಮೇಲೆ ಹಳೆಯ ದೊರೆ ನಿಧಾನವಾಗಿ, ತುಂಬಿದ ದನಿಯಲ್ಲಿ ಬಂದರು. ಒಂದು ಗಳಿಗೆ ಅವನಿಗೆ ಎಲ್ಲ ಮರೆತುಹೋಯಿತು. ಕ್ಲಾರಿನೆಟ್ಟಿನವನು ಹೇಳಿದ್ದು ನಿಜ, ಮೂವತ್ತೆಂಟು ವರ್ಷ ಕಳೆದರೂ ದೊರೆ ಎಲ್ಲಿಯೂ ಇಳಿದಿರಲಿಲ್ಲ. ನಾಲ್ಕು ಹಾಳೆ ಬರೆದವನು ಬರೆಯಬೇಕಾಗಿದ್ದದ್ದು ಅದನ್ನು. ಕೋಣೆಯ ಮೂಲೆಯಲ್ಲಿ ಹೆಂಡತಿ ಮಿಷನ್ ತುಳಿಯುತ್ತ ಯಾರದೋ ರವಿಕೆಯ ತೋಳು ಹೊಲಿಯುತ್ತಿದ್ದಳು.

ಮಗಳು ಬಟ್ಟೆ ಒಣಹಾಕಿ ಖಾಲಿ ಬಕೆಟ್ಟು ಹಿಡಿದು ಒಳಗೆ ಬಂದವಳು ಹೊಸ್ತಿಲಲ್ಲೇ ನಿಂತಳು. ಎರಡು ಸಾಲು ಕೇಳಿದಳು.

"ಏನ್ ಮಾಡಿದೆ ಇದಕ್ಕೆ?"

"ಏನಿಲ್ಲವಲ್ಲ. ಯಾಕೆ?"

"ಶ್ರುತಿ ಇಳಿದಿದೆ."

"ಇಲ್ಲಮ್ಮ. ಅದೇ ಇದೆ. ನಿನಗೆ ಹಾಗೆ ಕೇಳಿಸ್ತಿದೆ ಅಷ್ಟೆ."

ಮಗಳು ಒಂದು ಕ್ಷಣ ಅವನ ಮುಖ ನೋಡಿದಳು. ಆಮೇಲೆ ತಲೆ ಆಡಿಸಿದಳು. "ಇರ್ಬಹುದು. ನನ್ನ ಕಿವಿ" ಎಂದು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಅವಳು ನಂಬಿಬಿಟ್ಟಳು ಎನ್ನುವುದೇ ಸೂಜಿಯಣ್ಣನ ಎದೆಗೆ ಚುಚ್ಚಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಹೆಂಡತಿ ಮಿಷನ್ ನಿಲ್ಲಿಸಿದ್ದಳು. ತೋಳನ್ನು ಸೂಜಿಯಡಿಯಿಂದ ಎಳೆದು ದಾರ ಕಡಿದು ಅವನ ಎದುರು ಹಿಡಿದಳು.

"ನೋಡಿ. ತೋಳೂ ಮುಗೀತು, ಹಾಡೂ ಮುಗೀತು."

"ಅದಕ್ಕೆ?"

"ಮದುವೆಯಾದ ಹೊಸದ್ರಲ್ಲಿ ಹೀಗೇ ಮುಗೀತಿತ್ತು. ಒಂದು ಏಣಿ ಹಾಡಿಗೆ ಒಂದು ತೋಳು. ನೀವು ಆ ಹಿತ್ತಾಳೆದು ಹಾಕಿದ್ರಲ್ಲ, ಅವತ್ತಿಂದ ಹಾಡು ಮೊದಲು ಮುಗೀತಿತ್ತು, ತೋಳು ಬಾಕಿ ಇರ್ತಿತ್ತು. ಮಗು ಆದ ಮೇಲೆ ನನ್ನ ಕೈ ನಿಧಾನ ಆಯ್ತು ಅನ್ಕೊಂಡೆ. ಇಷ್ಟು ವರ್ಷ ಹಾಗೇ ಅನ್ಕೊಂಡಿದ್ದೆ." ಅವಳು ದನಿ ತಗ್ಗಿಸಿದಳು. "ಆ ಹಿತ್ತಾಳೆ ತಪ್ಪಿತ್ತು, ಅಲ್ವಾ?"

ಅವನು ತಲೆ ಬಗ್ಗಿಸಿ ಹೌದೆಂದ. ಎಂಟು, ಎಂಟೂವರೆ, ಎಲ್ಲ ಹೇಳಿದ.

"ನನಗ್ಯಾಕ್ರೀ ಹೇಳ್ತಿದೀರಿ? ನನ್ನ ತೋಳು ಹಾಳಾಗಿ ಹೋಗ್ಲಿ. ಈಗ ತಾನೇ ಅವಳ ಮುಖಕ್ಕೆ ಹೊಡೆದ ಹಾಗೆ ಸುಳ್ಳು ಹೇಳಿದ್ರಲ್ಲ, ಅವಳು ಒಳಗಿದಾಳೆ. ಹೋಗಿ ಹೇಳಿ."

"ಹೇಳ್ತೀನಿ. ಸಮಯ ನೋಡಿ ಹೇಳ್ತೀನಿ."

"ಹೇಳೋ ತನಕ ನಿಮಗೆ ನಾನು ಬಡಿಸೋದಿಲ್ಲ" ಎಂದಳು ಹೆಂಡತಿ, ಮುಂದಿನ ತೋಳಿಗೆ ದಾರ ಪೋಣಿಸುತ್ತ. ಮಧ್ಯಾಹ್ನ ನಿಜಕ್ಕೂ ಅವನ ತಟ್ಟೆ ಇಡಲಿಲ್ಲ. ಅವನು ತಾನೇ ಒಂದು ಮೊಟ್ಟೆ ಬೇಯಿಸಿಕೊಂಡ, ಅರ್ಧ ತಿಂದ. ಮಗಳು ಯಾಕೆಂದು ಕೇಳಲಿಲ್ಲ.

ಸೋಮವಾರ ಹತ್ತೂವರೆಗೆ ಸೂಜಿಯಣ್ಣ ಅಂಗಡಿಯ ಬಾಗಿಲು ಎಳೆದು ಹೊರಟ. ಔಷಧಿ ಅಂಗಡಿ ದೂರವಿರಲಿಲ್ಲ, ಆದರೂ ಎರಡು ಸಲ ತಿರುಗಿ ಬಂದು ಮೂರನೆಯ ಸಲ ಹೋದ. ಕೌಂಟರಿನ ಮುಂದೆ ಏಳೆಂಟು ಜನರ ಸಾಲು. ಮಗಳು ಬಿಳಿ ಕೋಟು ಹಾಕಿಕೊಂಡು ಚೀಟಿ ನೋಡುತ್ತ ಡಬ್ಬಿಗಳನ್ನು ಇಳಿಸುತ್ತಿದ್ದಳು. ಅಪ್ಪನನ್ನು ಕಂಡು, "ಅಮ್ಮ ಹುಷಾರಾಗಿದಾಳೆ ತಾನೇ?" ಎಂದಳು ಗಾಬರಿಯಿಂದ.

"ಹುಷಾರಾಗಿದಾಳೆ."

"ಹಾಗಿದ್ರೆ ಲೈನಲ್ಲಿ ಬಾ ಅಪ್ಪ."

ಲೈನಿನಲ್ಲಿ ಬಂದ. ಅವನ ಸರದಿ ಬಂದಾಗ ಹಿಂದೆ ಇನ್ನೂ ಆರು ಜನ ಸೇರಿದ್ದರು. ಜೇಬಿನಿಂದ ಎರಡು ಪುಲ್ಲಿಗಳನ್ನು ತೆಗೆದು ಕೌಂಟರಿನ ಗಾಜಿನ ಮೇಲಿಟ್ಟ, ಒಂದು ಸೀಳಿದ ಪ್ಲಾಸ್ಟಿಕ್, ಒಂದು ಹಿತ್ತಾಳೆ.

"ಇದು ಕಂಪನಿದು. ಇದು ನಾನು ಮಾಡಿದ್ದು, ಅರ್ಧ ಮಿಲಿಮೀಟರ್ ದಪ್ಪ. ನಮ್ಮ ಟೇಪು ಅಷ್ಟೂ ವರ್ಷ ಜೋರಾಗಿ ಓಡಿದೆ. ನೀನು ಕಲಿತಿದ್ದು ಅದರಲ್ಲಿ. ಮಾಸ್ತರು ಹಿಡಿದಿದ್ದು ಸರಿಯಾದ ಶ್ರುತಿ. ನಿನಗೆ ಅದು ಕೆಳಗೆ ಕೇಳಿಸ್ತು. ಕೇಳಿಸ್ಲೇಬೇಕಿತ್ತು. ನಿನ್ನೆ ನೀನು ಇಳಿದಿದೆ ಅಂದಿದ್ದೂ ಸರಿ. ಪುಲ್ಲಿ ಬದಲಾಯಿಸಿದ್ದೆ. ಸುಳ್ಳು ಹೇಳಿದೆ."

ಮಗಳು ಪುಲ್ಲಿಗಳನ್ನು ಮುಟ್ಟಲಿಲ್ಲ. ಹಿಂದಿದ್ದವನೊಬ್ಬ ಕೆಮ್ಮಿದ.

"ನನಗೆ ಮನೇಲಿ ಒಂಥರಾ ಕೇಳಿಸ್ತಿತ್ತು, ರೇಡಿಯೋದಲ್ಲಿ ಒಂಥರಾ ಕೇಳಿಸ್ತಿತ್ತು" ಎಂದಳು. "ಎಲ್ಲರಿಗೂ ಒಂದೇ ಥರ ಕೇಳ್ಸುತ್ತೆ, ನನ್ನ ತಲೇಲೇ ಏನೋ ಕೆಟ್ಟಿದೆ ಅನ್ಕೊಂಡಿದ್ದೆ. ಯಾರಿಗೂ ಹೇಳ್ಲಿಲ್ಲ. ಮದುವೆ ಮಾಡ್ಕೊಂಡವನಿಗೂ ಹೇಳ್ಲಿಲ್ಲ. ಮಗು ಅತ್ತರೆ ಹಾಡೋಕೆ ಹೆದರ್ಕೊಂಡು ಆರು ತಿಂಗಳು ಸುಮ್ನೆ ಎತ್ಕೊಂಡು ಓಡಾಡಿದೀನಿ ಅಪ್ಪ. ನೀನು ಅದಕ್ಕೆ ಪಿಟೀಲು ಅಂತ ಹೆಸರಿಟ್ಟೆ."

"ತಪ್ಪಾಯ್ತಮ್ಮ" ಎಂದ ಸೂಜಿಯಣ್ಣ. "ನಿನಗೆ ಕಿವಿ ಇತ್ತು."

"ಮೆಲ್ಲಗೆ ಹೇಳ್ತಿದೀಯ."

"ಏನು?"

"ಅವತ್ತು ಎದ್ದು ನಿಂತು ಹೇಳಿದ್ದೆ. ಬಾಗಿಲ ಹತ್ರ ನಿಂತಿದ್ದವರಿಗೂ ಕೇಳಿಸ್ತು. ಹಾಗೆ ಹೇಳು."

ಸೂಜಿಯಣ್ಣ ಸಾಲಿನ ಕಡೆ ತಿರುಗಿದ. ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡವನೊಬ್ಬ, ಚೀಲ ಹಿಡಿದ ಮುದುಕಿ, ಶಾಲೆಗೆ ಹೋಗಲಾಗದೆ ಬಂದ ಜ್ವರದ ಮಗು, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಒಬ್ಬರಿಗೂ ಏನೂ ಅರ್ಥವಾಗಿರಲಿಲ್ಲ.

"ನನ್ನ ಮಗಳಿಗೆ ಕಿವಿ ಇದೆ" ಅಂದ ಗಟ್ಟಿಯಾಗಿ. "ನನಗಿರಲಿಲ್ಲ."

"ಇನ್ನೊಂದ್ಸಲ."

"ನನ್ನ ಮಗಳಿಗೆ ಕಿವಿ ಇದೆ! ನನಗಿರಲಿಲ್ಲ!"

ಬೆನ್ನ ಹಿಂದೆ ಅವಳು ಅಳುತ್ತಿರುವುದು ಅವನಿಗೆ ಕೇಳಿಸಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಅವತ್ತು ನನ್ನ ಮೂರು ಸಲ ನಿಲ್ಲಿಸಿದ್ರು ಅಪ್ಪ" ಎಂದಳು ಮಗಳು. "ಇನ್ನೂ ಒಂದ್ಸಲ ಹೇಳು."